ಹೆಗಲ ಅಳತೆ

ಬಾಬ್ ಅಲ್ ಬಹ್ರೈನಿನ ಕಮಾನು ದಾಟಿ
ಮೂರನೇ ಓಣಿ, ವಾಚು ರಿಪೇರಿಯವನ ಪಕ್ಕ,
ಎಂಟಡಿ ಅಗಲದ ಅಂಗಡಿ ನಮ್ಮದು.
ನಮ್ಮದೆಂದರೆ ಅಬು ಇಸಾರದ್ದು;
ಇಪ್ಪತ್ತೆರಡು ವರ್ಷದಿಂದ ಕತ್ತರಿ ಮಾತ್ರ ನನ್ನದು.

ಫಾರಿಸ್ ಹದ್ದಾದ್ ಬಂದದ್ದು ಗುರುವಾರ ಮಧ್ಯಾಹ್ನ.
ಕಾರು ಓಣಿಗೆ ಹಿಡಿಸದೆ ನಡೆದೇ ಬಂದ, ಬೆವೆತು.
(ಎದುರಿಗೆ ಬಹುವಚನ, ಇಲ್ಲಿ ಏಕವಚನ.
ಅವನಿಗೆ ಕನ್ನಡ ಬಾರದು.)
ಅಮ್ಮಾನಿನಲ್ಲಿ ಹುಟ್ಟಿದವನು, ಈ ಕಡಲಂಚಿಗೆ
ಕಿಟಕಿಯೇ ಇಲ್ಲದ ಬಿಳಿ ಕಟ್ಟಡ ಕಟ್ಟಿಸಿ ಅದರೊಳಗೆ
ಲೋಕದ ಲೆಕ್ಕಪತ್ರ, ಮದುವೆಯ ಫೋಟೋ, ಜಗಳ ಎಲ್ಲ
ತಣ್ಣಗೆ ಇಟ್ಟವನು.
ನನ್ನ ಮಗಳ ಅಂಕಪಟ್ಟಿಯೂ ಅಲ್ಲೇ ಎಲ್ಲೋ ಇರಬೇಕು.

"ಮಾಸ್ಟರ್," ಅಂದ, "ಇಂಗ್ಲೆಂಡಿನ ಅರಸರು
ನನಗೊಂದು ಮರ್ಯಾದೆ ಮಾಡುತ್ತಿದ್ದಾರೆ.
ಎದೆಯ ಎಡಕ್ಕೆ ನಕ್ಷತ್ರ, ಕೊರಳಿಗೆ ಪದಕ.
ಕೋಟು ಜಗ್ಗಬಾರದು."

ಟೇಪು, ಸೀಮೆಸುಣ್ಣ, ಬಾಯಲ್ಲಿ ನಾಲ್ಕು ಗುಂಡುಸೂಜಿ.
ಬಲಹೆಗಲು ಎಡಕ್ಕಿಂತ ಅರ್ಧ ಇಂಚು ತಗ್ಗು.
ಹೊತ್ತ ಹೆಗಲು ಅದು, ಕೈಗೆ ಗೊತ್ತಾಗುತ್ತದೆ.
ನಾನು ಕೇಳಲಿಲ್ಲ, ಅವನೇ ಹೇಳಿದ:
ಹದಿನೇಳರಲ್ಲಿ ಕಂಪ್ಯೂಟರು ರಿಪೇರಿ,
ಹಳೆಯ ಡಬ್ಬಾ ಮಾನಿಟರು, ಐದು ಮಾಳಿಗೆ, ಲಿಫ್ಟಿಲ್ಲ.

"ಕತ್ತಿ ತಾಗಿಸುವುದು ಇಲ್ಲಿಗಲ್ಲವೇ ಸರ್?
ಹೊಲಿಗೆ ಇನ್ನಷ್ಟು ಗಟ್ಟಿ ಹಾಕಲೇ?"
ನಕ್ಕ. ಪರದೇಶದವರಿಗೆ ಕತ್ತಿ ಇಲ್ಲವಂತೆ.
ಮಂಡಿಯೂರುವುದಿಲ್ಲ, ಅರಸರೂ ಬರುವುದಿಲ್ಲ;
ರಾಯಭಾರಿಯ ಬಂಗಲೆ, ಹುಲ್ಲುಹಾಸು,
ಸಂಜೆ ಐದೂವರೆ, ಸೆಖೆ ಇಳಿದ ಮೇಲೆ.
ಹದ್ದಾದ್ ಅಂದರೆ ಕಮ್ಮಾರ.
ಕಮ್ಮಾರನ ಕುಲಕ್ಕೆ ಒಂದು ಕತ್ತಿ ದಕ್ಕಲಿಲ್ಲ.
ಇನ್ನೂ ಒಂದಿದೆ, ಅಂದ. ಕಾಗದದಲ್ಲಿ ಬರೆದಿದ್ದಾರೆ:
ಹೆಸರಾದ ಮೇಲೆ ಮೂರಕ್ಷರ ಹಾಕಿಕೊಳ್ಳಬಹುದು,
ಹೆಸರಿಗೆ ಮೊದಲು 'ಸರ್' ಹಾಕುವಂತಿಲ್ಲ.

ನಗು ಬಂತು, ಸೂಜಿಗಳ ನಡುವೆ ನುಂಗಿದೆ.
ಕೊರಳಿಗೆ ಸರ ಕೊಟ್ಟರು.
ಅದರ ಕೊನೆಯ ಅಕಾರಕ್ಕೆ ಕತ್ತರಿ ಹಾಕಿದರೆ ಸರ್,
ಅದನ್ನು ಕೊಡಲಿಲ್ಲ.
ಅವನಿಗೆ ಹೇಗೆ ತಿಳಿಸಲಿ? ನನ್ನ ಅರಬ್ಬಿ
ಅಳತೆ, ಚೌಕಾಸಿ, ನಾಳೆ ಬನ್ನಿ, ಅಷ್ಟೇ.

ಈ ಓಣಿಯಲ್ಲಿ ಎಷ್ಟು ಅಗ್ಗ ಅದು!
ಷಟರೆತ್ತಿದಾಗಿನಿಂದ ಶುರು:
ಬ್ಯಾಂಕಿನ ಬಾಗಿಲ ಕಾವಲಿನವ ಸರ್,
ಬಾಡಿಗೆ ವಸೂಲಿಯ ಪೋರ ಸರ್,
ವೀಸಾ ಆಫೀಸಿನ ಗಾಜಿನ ಹಿಂದಿನ ಹುಡುಗಿಯೂ
ನನ್ನ ಅವಸರದಲ್ಲಿ ಸರ್.
ಸಾಸಿವೆಯ ಹಾಗೆ ಎಲ್ಲದಕ್ಕೂ ಹಾಕುತ್ತೇವೆ,
ಸಿಡಿದು ಹೋಗುತ್ತದೆ.

ನನ್ನ ಕತೆ ಕೇಳಿ: ಎಲ್ಲರಿಗೂ ನಾನು ಮಾಸ್ಟರ್,
ಸಿಪಿಆರ್ ಕಾರ್ಡಿನಲ್ಲಿ ಹಮಾಲಿ.
ಬಂದ ವರ್ಷ ಆ ವೀಸಾವೇ ಕಡಿಮೆಗೆ ಸಿಕ್ಕಿತ್ತು.
ತಿದ್ದಿಸಲು ಹೋದರೆ ಕತ್ತರಿಯೂ ಹೋದೀತೆಂದು ಸುಮ್ಮನಿದ್ದೆ.
ಗಂಗೊಳ್ಳಿಯಲ್ಲಿ ಪಳಗಿದ ಈ ಕೈ
ಕಾಗದದಲ್ಲಿ ಇನ್ನೂ ಮೂಟೆ ಇಳಿಸುತ್ತಿದೆ.

ಪದಕದ ಪಟ್ಟಿಯ ಚಿತ್ರ ಫೋನಿನಲ್ಲಿ ತೋರಿಸಿದ:
ಗುಲಾಬಿ, ಅಂಚಿಗೆ ಮುತ್ತಿನ ಬೂದು.
ಆ ಬೂದು ನಾನು ಬಲ್ಲೆ. ಓಣಿಯ ತುದಿಯಲ್ಲಿ
ಮುದುಕ ಖಲಫ್ ಜರಡಿಯಲ್ಲಿ ಆಡಿಸುವ ಬಣ್ಣ.
ಅವನಜ್ಜ ಮೂಗಿಗೆ ಚಿಮಟ ಹಾಕಿ ಮುಳುಗುತ್ತಿದ್ದನಂತೆ.
ತೆಗೆದ ಮುತ್ತು ಯಾವ ಅರಮನೆಯ ಯಾವ ಕೊರಳಿಗೆ ಹೋಯಿತೋ,
ಯಾರೂ ಕಾಗದ ಬರೆದು ತಿಳಿಸಲಿಲ್ಲ.

ಸೋಮವಾರ ಕೋಟು ಸಿದ್ಧ.
ನಕ್ಷತ್ರಕ್ಕೆ ದಾರದ ಎರಡು ಕುಣಿಕೆ,
ಬಲಹೆಗಲ ಒಳಗೆ ಅರ್ಧ ಇಂಚು ಹತ್ತಿ.
ಕನ್ನಡಿಯಲ್ಲಿ ನೋಡಿಕೊಂಡ. ತಕ್ಕಡಿಯ ಹಾಗೆ ಸಮ.
"ಎಷ್ಟಾಯಿತು ಮಾಸ್ಟರ್?"
"ಹದಿನೆಂಟು ದಿನಾರ್, ಸರ್."
ಇಬ್ಬರೂ ಒಂದು ಗಳಿಗೆ ಏನೂ ಹೇಳಲಿಲ್ಲ.
ಇಪ್ಪತ್ತು ಕೊಟ್ಟ, ಚಿಲ್ಲರೆ ಬೇಡವೆಂದ,
ಕೋಟು ತೊಟ್ಟುಕೊಂಡೇ ಹೊರಟ.

ಬಾಗಿಲು ತೆರೆದಾಗ ಒಳನುಗ್ಗಿದ ಬಿಸಿಲಲ್ಲಿ ಕಂಡಿತು:
ಎಡಹೆಗಲ ಮೇಲೆ ಬೆರಳುದ್ದ
ಸೀಮೆಸುಣ್ಣದ ಗೀರು, ಒರೆಸಲು ಮರೆತದ್ದು.
ಕೂಗಬೇಕೆಂದು ಹೊಸ್ತಿಲವರೆಗೆ ಓಡಿದೆ.
ಏನೆಂದು ಕೂಗಲಿ?
ಅಷ್ಟರಲ್ಲಿ ಓಣಿ ತಿರುಗಿದ.