ಮೂರು ನಾಣ್ಯದ ಕಡವು

ಎರಡನೇ ಭಾಗ ಆಡಿ ಮುಗಿಸಿದ ಮೇಲೆ
ಒಂದನೇ ಭಾಗಕ್ಕೆ ಮರಳಿದ್ದೇನೆ.
ಬೆರಳಿಗೆ ಇನ್ನೂ ಗೊತ್ತಾಗಿಲ್ಲ:
ಅಲ್ಲಿ ಹಾರುವ ಗುಂಡಿ
ಇಲ್ಲಿ ಚೀಲ ಬಿಚ್ಚುವ ಗುಂಡಿ.
ಹಳ್ಳ ಅಡ್ಡ ಬಂದಾಗಲೆಲ್ಲ
ದಂಡೆಯಲ್ಲಿ ನಿಂತು ಬುತ್ತಿ ಹುಡುಕುತ್ತಾನೆ ನನ್ನ ವೀರ.

ಹಾರಲು ಬರುವುದಿಲ್ಲ ಇವನಿಗೆ.
ಮೊಣಕಾಲೆತ್ತರದ ಬೇಲಿಗೂ ಸುತ್ತು ಬಳಸಬೇಕು.
ಕುದುರೆ ಇಲ್ಲ. ನಕಾಶೆಯಲ್ಲಿ ಬೆರಳಿಟ್ಟ ಊರು
ಕಣ್ಣು ಮಿಟುಕಿಸುವುದರೊಳಗೆ ಬರುವುದಿಲ್ಲ.
ನಡೆಯಬೇಕು,
ಬಸ್ಸು ತಪ್ಪಿದ ದಿನ ಕುಂಬಳೆ ಪೇಟೆಯಿಂದ
ಆರಿಕ್ಕಾಡಿಗೆ ನಡೆದ ಹಾಗೆ.

ಮರಗಳು, ಎಣಿಸಿದರೆ, ಆರೇ ಬಗೆ.
ನೀರೆಂದರೆ ನಾಲ್ಕು ನೀಲಿ ಚೌಕ
ಒಂದರ ಮೇಲೊಂದು ಜಾರುವುದು.
ಹದಿನೇಳರಲ್ಲಿ ಇದನ್ನೇ ನೋಡಿ
‘ನಿಜದ ಹೊಳೆಯ ಹಾಗೆಯೇ ಉಂಟು’ ಎಂದಿದ್ದೆ,
ನಿಜದ ಹೊಳೆ
ಕಿಟಿಕಿ ತೆರೆದರೆ ಕಾಣುವಷ್ಟು ಹತ್ತಿರ ಇದ್ದರೂ.

ಉಳಿಸಿಟ್ಟ ಹಳೆಯ ಆಟ ಅಲ್ಲೇ ಉಂಟು:
ನಲವತ್ತೊಂದು ಗಂಟೆ, ಹನ್ನೆರಡು ನಿಮಿಷ,
ಎಲ್ಲ ಕೋಟೆ ಗೆದ್ದು, ಎಲ್ಲ ಪೆಟ್ಟಿಗೆಯ ಬುಡ ಕೆರೆದು.
ತೆರೆಯಲಿಲ್ಲ. ಮೊದಲಿನಿಂದ ಶುರುಮಾಡಿದೆ,
ತುಕ್ಕು ಕತ್ತಿ, ಐದು ನಾಣ್ಯ.
ನನಗೆ ಬೇಕಾದವನು ಆರಂಭದಲ್ಲೇ ಸಿಗುತ್ತಾನೆ.

ಮೊದಲ ಊರು ದಾಟಿದರೆ ಕಡವು,
ಕಡವಿನಲ್ಲಿ ದೋಣಿ, ದೋಣಿಯಲ್ಲಿ ಅವನು.
ತಲೆಯ ಮೇಲೆ ಬಿಳಿ ಅಕ್ಷರ: ಬೋಟ್‌ಮ್ಯಾನ್.
ಮೂರು ನಾಣ್ಯ ಕೊಟ್ಟರೆ ಆಚೆ ದಡ.
ಆಗ ಅವನ ಮುಖ ನೋಡಿದವರು ಯಾರು?
ಆಚೆ ದಡದಲ್ಲಿ ಡ್ರ್ಯಾಗನ್ ಇತ್ತು.

ಎರಡನೇ ಭಾಗದಲ್ಲಿ ಅದೇ ಜಾಗಕ್ಕೆ ಸೇತುವೆ ಬಂದಿದೆ.
ಕಲ್ಲಿನ ಕಮಾನು, ಸಾಲು ದೀಪ,
ನೀರು ನೀರಿನ ಹಾಗೆಯೇ.
ಕಳ್ಳರಿಗೆ ಹೆದರಿ ಕಮಾನಿನಡಿ ಅಡಗಿದ್ದಾಗ
ಹುಲ್ಲಿನೊಳಗೆ ಒಂದು ಕಲ್ಲು ಕಂಡಿತ್ತು:
ಟೋಲ್ಬೆನ್. ಮೂವತ್ತು ವರ್ಷ ದಾಟಿಸಿದ.
ಓದು ಎಂದು ಆಟ ಹೇಳುವುದಿಲ್ಲ.
ಓದಿದರೆ ಅಂಕವೂ ಇಲ್ಲ.

ಹಗಲಿಗೆ ನಾನು ಅಕ್ಷಯ ಕೇಂದ್ರದಲ್ಲಿ
ಊರವರ ಹೆಸರು ಟೈಪು ಮಾಡುವವಳು.
ತುಳುವಿನಲ್ಲಿ ಹೇಳುತ್ತಾರೆ, ಕನ್ನಡದಲ್ಲಿ ಬರೆದು ತರುತ್ತಾರೆ,
ಮಲಯಾಳದಲ್ಲಿ ಕೂರಿಸಬೇಕು, ಇಂಗ್ಲಿಷಿನಲ್ಲಿ ಅಚ್ಚಾಗಿ ಬರುತ್ತದೆ;
ಐತಪ್ಪ ಇಷ್ಟು ದಾಟುವಷ್ಟರಲ್ಲಿ
ಅವನದೊಂದು ಪಕಾರ ನೀರಿಗೆ ಬಿದ್ದಿರುತ್ತದೆ.

ಹೋದ ತಿಂಗಳು ಸಮೀರಾ ಎಂಬವಳು ಬಂದಳು
ಬಾಪ್ಪನ ಮರಣಪತ್ರಕ್ಕೆ.
ವಿಳಾಸ ಓದುವಾಗ ಕೈ ನಿಂತಿತು.
ಐದು ವರ್ಷ ನಮ್ಮನ್ನು ಶಾಲೆಗೆ ದಾಟಿಸಿದವರು.
ದೋಣಿಯಲ್ಲಿ ಎದ್ದು ನಿಂತರೆ ಬೈಯುವವರು,
ಚಿಲ್ಲರೆ ಇಲ್ಲದಿದ್ದರೆ ‘ನಾಳೆ’ ಎಂದು
ಆ ನಾಳೆಯನ್ನು ಮರೆತುಬಿಡುವವರು.
‘ಕಡವಿನವರೇ’ ಎಂದು ಕೂಗಿದರೆ
ಆಚೆಯಿಂದ ಹೊರಡುತ್ತಿದ್ದರು.
ಅಬ್ದುಲ್ಲ ಕುಂಞಿ, ಎಂದು ಹೊಡೆದೆ.
ಞಕಾರ ಯಾವ ಕೀಲಿಯಲ್ಲಿ ಎಂದು ಹುಡುಕಬೇಕಾಯಿತು.
‘ಸರಿ ಉಂಟಾ ನೋಡಿ.’
‘ಸರಿ ಉಂಟು.’
ನಲವತ್ತು ರೂಪಾಯಿ. ರಶೀದಿ.

ಈಗ ಟೋಲ್ಬೆನ್ ನನ್ನೆದುರು ನಿಂತಿದ್ದಾನೆ,
ತನ್ನ ಹೆಸರು ತನಗೇ ತಿಳಿಯದವನು.
ನನಗೆ ತಿಳಿದಿದೆ, ಹೇಳಲು ಗುಂಡಿಯಿಲ್ಲ.
‘ಆಚೆ ದಡಕ್ಕಾ?’ ಕೇಳುತ್ತಾನೆ.
ಉತ್ತರ ಎರಡೇ: ಕೊಡುತ್ತೇನೆ. ಈಗ ಬೇಡ.
ಈಗ ಬೇಡ, ಒತ್ತಿದೆ.
‘ಹೊಳೆ ಎಲ್ಲಿಗೂ ಹೋಗುವುದಿಲ್ಲ’ ಎಂದ.
ಮತ್ತೊಮ್ಮೆ ಒತ್ತಿದೆ. ಮತ್ತೆ ಅದನ್ನೇ ಎಂದ.

ಗಂಜಿ ಉಕ್ಕಿತು. ಹೋಗಿ ಒಲೆ ಆರಿಸಿ ಬಂದು ನೋಡಿದರೆ
ಅವನು ಕುಳಿತಿದ್ದ.

ನಲವತ್ತೊಂದು ಗಂಟೆ ಆಡಿದವಳು ನಾನು,
ಇವನು ಕೂರುತ್ತಾನೆಂದು ಗೊತ್ತಿರಲಿಲ್ಲ.
ಟೊಪ್ಪಿ ತೆಗೆದು ಮೊಣಕಾಲ ಮೇಲಿಟ್ಟ,
ತಲೆ ಕೆರೆದುಕೊಂಡ, ನೀಲಿ ಚೌಕಗಳ ಕಡೆ ನೋಡಿದ.
ಯಾರೋ ಒಬ್ಬರು ಎಲ್ಲೋ ಕೂತು
ಈ ಬೋಳುತಲೆಯನ್ನು ಚುಕ್ಕಿ ಚುಕ್ಕಿಯಾಗಿ ಬರೆದಿದ್ದಾರೆ,
ಇಲ್ಲಿ ನಿಲ್ಲುವವರು ಇಲ್ಲವೆಂದು
ಗೊತ್ತಿದ್ದೂ.

ನಾನೂ ನೆಲದಲ್ಲೇ ಕುಳಿತೆ.
ಮಂಗಳೂರಿನ ಕಡೆಗೆ ಒಂಬತ್ತೂವರೆಯ ರೈಲು ಹೋಯಿತು,
ಗೋಡೆ ಸ್ವಲ್ಪ ಅದುರಿತು.
ಅವನು ಟೊಪ್ಪಿ ಇಟ್ಟುಕೊಂಡು ಎದ್ದ.
‘ಆಚೆ ದಡಕ್ಕಾ?’

ಈಗ ಬೇಡ.