ಇನ್ನೆರಡು ಬಿಸಿಲು

ದುಖಾನಿನ ಸಬ್ಖಾದಲ್ಲಿ, ಬೆಳಗಿನ ಆರೂವರೆಗೆ,
ನೆಲ ಒಣಹಪ್ಪಳದ ಹಾಗೆ ಕಾಲಡಿ ಮುರಿಯುತ್ತದೆ.
ಸಲಿಕೆ ಹಿಡಿದವನಲ್ಲ ನಾನೀಗ:
ಉದ್ದ ಹಿಡಿಯ ಚಮಚ, ಗಾಜಿನ ಶೀಶೆ, ನೀಲಿ ಕೈಗವಸು.
ಡಾಕ್ಟರ್ ನೂಫ್ ಬೆರಳು ತೋರಿದಲ್ಲಿ ಬಗ್ಗುತ್ತೇನೆ.
ಬಿಳಿ ಪದರದ ಅಡಿಗೆ ಹಸಿರು, ಹಸಿರಿನಡಿ ಗುಲಾಬಿ,
ಅದರಡಿ ಕೊಳೆತ ಮೊಟ್ಟೆ ನಾರುವ ಕಪ್ಪು.
"ಗುಲಾಬಿ ಸಾಕು" ಅನ್ನುತ್ತಾಳೆ.

ಕೆಲಸಕ್ಕೆ ಸೇರುವಾಗ ಕೇಳಿದ್ದರು,
ಉಪ್ಪಿನ ಜೊತೆ ಅನುಭವ ಇದೆಯೇ ಎಂದು.
ನಕ್ಕುಬಿಟ್ಟಿದ್ದೆ.

ಸಾಣಿಕಟ್ಟಾದ ಆಗರದಲ್ಲಿ ನನ್ನಜ್ಜಿ ಬೀರಮ್ಮ
ಕಿರುಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ ಹೇಳುತ್ತಿದ್ದಳು:
"ಇನ್ನೆರಡು ಬಿಸಿಲು ಬೇಕು."
ಮೂರನೆಯ ದಿನ ಹಲಗೆ ಹಿಡಿದು ಇಳಿದರೆ ಉಪ್ಪು ಕೂತಿರುತ್ತಿತ್ತು.
ಇಲ್ಲಿ ಅದಕ್ಕೊಂದು ಯಂತ್ರವಿದೆ,
ಮೂರು ದಶಾಂಶದವರೆಗೂ ಹೇಳುತ್ತದೆ;
ಬಿಸಿಲಿನ ಸುದ್ದಿ ಮಾತ್ರ ಎತ್ತುವುದಿಲ್ಲ.

ಗುಲಾಬಿಯೊಳಗಿನವರು ಕಣ್ಣಿಗೆ ಕಾಣದವರು.
ಹೊರಗೆ ಅಷ್ಟು ಉಪ್ಪಿದ್ದರೆ ಒಳಗಿನ ನೀರು ಸೋರಿ
ಒಣದ್ರಾಕ್ಷಿಯಾಗಬೇಕಿತ್ತು. ಆಗುವುದಿಲ್ಲ.
ಒಳಗೆ ಹಗಲೂ ರಾತ್ರಿ ಒಂದು ಪಾಳಿ ನಡೆಯುತ್ತದೆ;
ರೋವೆನಾ ಚಹದ ಹೊತ್ತಿನಲ್ಲಿ ಟಿಶ್ಯೂ ಮೇಲೆ ಬರೆದು ತೋರಿಸಿದಳು.
ಆಸ್ಪಾರ್ಟಿಕ್ ಅಂತ ಒಂದು ಸಾದಾ ಅಮೈನೊ ಆಮ್ಲ,
ಯಾರ ಮನೆಯ ಬೇಳೆಯಲ್ಲೂ ಇರುವಂಥದು.
ಅದರ ತುದಿ ಹದಮಾಡಿಟ್ಟ ಮೇಲೆ
ಒಂದು ಕಿಣ್ವ ಅಲ್ಲಿ ಸಾರಜನಕ ಸಿಕ್ಕಿಸುತ್ತದೆ,
ಪಕ್ಕದ ಗ್ಲುಟಮೇಟಿನಿಂದ ಎರವಲು ತಂದು.
ಇನ್ನೊಂದು ಅದಕ್ಕೆ ಅಸಿಟೈಲಿನ ಟೋಪಿ ಇಡುತ್ತದೆ.
ಮೂರನೆಯದು (ನನಗಿಷ್ಟ ಇದೇ)
ಬಾಲ ಬಗ್ಗಿಸಿ ತಲೆಗೆ ಮುಟ್ಟಿಸಿ ಬಳೆ ಮಾಡುತ್ತದೆ.
ಬಳೆ ಕೂಡುವ ಗಳಿಗೆ
ಒಂದೇ ಒಂದು ಕಣ ನೀರು ಹೊರಗೆ ಬೀಳುತ್ತದೆ.
ಸೆಖೆ ಏರಿದರೆ ಕೆಲವರಲ್ಲಿ ನಾಲ್ಕನೆಯದೂ ಬರುವುದುಂಟು,
ಹೊಟ್ಟೆಯಲ್ಲಿ ಕಬ್ಬಿಣ ಇಟ್ಟುಕೊಂಡು,
ಬಳೆಗೊಂದು ಆಮ್ಲಜನಕದ ಹರಳು ಕೂರಿಸಲು.

ಎಕ್ಟೊಯಿನ್ ಅಂತ ಹೆಸರು.
ನೀರು ಕಳೆದುಕೊಂಡು ಹುಟ್ಟಿದ್ದು,
ಹುಟ್ಟಿದ್ದೇ ಸುತ್ತಲಿನ ನೀರನ್ನು
ಸೆರಗು ಹಿಡಿದು ಕೂರಿಸಿಕೊಳ್ಳುತ್ತದೆ.

ಉಪ್ಪು ತಿಂದವ ನೀರು ಕುಡಿಯಲೇಬೇಕು, ನಮ್ಮ ಕಡೆ ಗಾದೆ.
ರೋವೆನಾಗೆ ಬಿಡಿಸಿ ಹೇಳಿದೆ.
ಟಿಶ್ಯೂ ಮಡಚುತ್ತಾ ಅಂದಳು:
"ಕುಡಿಸಿದರೆ ಏನಾಗುತ್ತದೆ, ನಿನಗೇ ಗೊತ್ತಲ್ಲ."

ಗೊತ್ತು. ನನ್ನ ಗುರುವಾರದ ಕೆಲಸವೇ ಅದು.
ಲ್ಯಾಬಿನಲ್ಲಿ ಅದನ್ನು ಹಾಲು ಕರೆಯುವುದು ಅನ್ನುತ್ತಾರೆ.
ಉಪ್ಪಿನಲ್ಲಿ ಕೊಬ್ಬಿದವರನ್ನು ಎತ್ತಿ ಸಿಹಿನೀರಿಗೆ ಹಾಕುತ್ತೇನೆ.
ನೀರು ಒಳನುಗ್ಗುತ್ತದೆ. ಒಡೆದುಹೋಗುವ ಭಯಕ್ಕೆ
ಕಿಂಡಿಗಳೆಲ್ಲ ತೆರೆದು
ಕೂಡಿಟ್ಟ ಬಳೆಗಳನ್ನು ಸುರಿದುಬಿಡುತ್ತವೆ.
ಶೋಧಿಸಿಕೊಂಡು ಮತ್ತೆ ಉಪ್ಪಿಗೆ ಬಿಡುತ್ತೇನೆ.
ಮತ್ತೆ ಕಟ್ಟುತ್ತವೆ.
ಸಿಟ್ಟಿಲ್ಲ, ಸೆಡವಿಲ್ಲ. ಎಮ್ಮೆಯಾದರೂ ಒಮ್ಮೆ ಒದೆಯುತ್ತಿತ್ತು.
ಒಣಗಿದ ಕಣ್ಣಿಗೆ ಹನಿ, ಮುಖಕ್ಕೆ ಕ್ರೀಮು ಆಗುತ್ತದಂತೆ.
ಮಾಲಿನಲ್ಲಿ ಡಬ್ಬಿಯ ಬೆಲೆ ನೋಡಿ
ಇದ್ದಲ್ಲೇ ಇಟ್ಟು ಬಂದೆ.

ಜನವರಿಯಲ್ಲಿ ಒಂದು ರಾತ್ರಿ ಮಳೆ ಹೊಡೆಯಿತು,
ದೋಹಾದ ಸುರಂಗ ರಸ್ತೆಗಳಲ್ಲಿ ಕಾರುಗಳು ನಿಂತವು.
ಎರಡು ದಿನ ಬಿಟ್ಟು ಮಾದರಿ ತರಲು ಹೋದರೆ
ಸಬ್ಖಾ ಇರಲೇ ಇಲ್ಲ;
ಪಾದ ಮುಳುಗುವಷ್ಟು ನೀರು, ಅದರಲ್ಲಿ ಇಡೀ ಆಕಾಶ,
ದಡದಲ್ಲಿ ಯಾರದೋ ಒಂಟಿ ಚಪ್ಪಲಿ.
ನೂಫ್ ಪೆಟ್ಟಿಗೆ ತೆರೆಯಲಿಲ್ಲ.
"ಎಲ್ಲ ಬಿಟ್ಟುಕೊಟ್ಟಿರುತ್ತವೆ," ಅಂದಳು. "ಆ ರಾತ್ರಿಯೇ. ಒಟ್ಟಿಗೆ."
ಕೋಟಿಗಟ್ಟಲೆ ಬಳೆ ಕಳಚಿದ ನೀರು.
ಶೋಧಿಸುವವರಿಲ್ಲ, ಡಬ್ಬಿಗೆ ತುಂಬುವವರಿಲ್ಲ.
ಇನ್ಯಾರೋ ಕಾಣದವರು ತಿಂದು ಮುಗಿಸಿರುತ್ತಾರೆ.

ಕೈಗವಸು ಕಳಚಿದೆ. ಕಳಚಬಾರದು, ನಿಯಮ.
ಕಿರುಬೆರಳು ಅದ್ದಿದೆ.
ಅವಳು ಬೈಯುವ ಮೊದಲೇ ನಾಲಿಗೆಗೆ ಮುಟ್ಟಿಸಿದೆ.

"ಏನು?" ಅಂದಳು.

"ಇನ್ನೂ ಹನ್ನೊಂದು ಬಿಸಿಲು."