ತೂತಿನ ಕುರ್ಚಿ

ಬುಧವಾರ, ಇಲ್ಲವೇ ಭಾನುವಾರ. ಜುನಾ ಬಜಾರಿಗೆ
ಒಳ್ಳೆ ಸೀರೆ ಉಟ್ಟು ಹೋಗಬಾರದು,
ಚಂದ ಎಂಬ ಮಾತು ಬಾಯಿಗೆ ಬರಬಾರದು.
ಬಂದರೆ ಮುಗಿಯಿತು, ಕಿಲೋ ಲೆಕ್ಕದ ಕಬ್ಬಿಣ
ಬಿಡಿ ಲೆಕ್ಕಕ್ಕೆ ಏರಿ ಕೂರುತ್ತದೆ.
ಹನ್ನೊಂದು ವರ್ಷದಲ್ಲಿ ಇಷ್ಟು ಕಲಿತೆ:
ಮೂಗು ಮುರಿಯುವುದು, ಕಾಲಿನಿಂದ ಒದ್ದು ನೋಡುವುದು,
ಪಕ್ಕದ ಹಳೇ ಕುಕ್ಕರಿನ ಬೆಲೆ ಮೊದಲು ಕೇಳುವುದು.
ಅಶ್ಫಾಕನಿಗೆ ಎಲ್ಲ ಗೊತ್ತು. ಆದರೂ ಕೇಳುತ್ತಾನೆ:
"ತೂಕಕ್ಕೋ ಆಪಾ, ಕೂರುವುದಕ್ಕೋ?"

ನನ್ನ ಟೆರೇಸಿನಲ್ಲಿ ಒಂಬತ್ತು ಕುರ್ಚಿ, ಕೂರುವವರು ಇಬ್ಬರು.
ಒಂದು ಬರೀ ತಂತಿಯದು, ಹಕ್ಕಿಪಂಜರವನ್ನು
ಯಾರೋ ಮಡಿಸಲು ಹೋಗಿ ಅರ್ಧಕ್ಕೆ ಬಿಟ್ಟಂತೆ.
ಒಂದಕ್ಕೆ ಹಿಂಗಾಲೇ ಇಲ್ಲ. ಮುಂದಿನ ಕೊಳವೆಯೇ ಬಳುಕಿ
ಕೂತವರನ್ನು ಹೊತ್ತು ಚೂರೇ ಚೂರು ತೂಗುತ್ತದೆ,
ಮಗು ಮಲಗಿತೆಂದು ಇನ್ನೂ ನಂಬದ ಮೊಣಕಾಲು.
ಒಂದು ಕ್ಯಾಂಪಿನ ಬಂಗಲೆಯದು. ಮಾರಿದ ಪಾರ್ಸಿ ಮುದುಕಿ
ಗೇಟಿನ ತನಕ ಬಂದು ಟೆಂಪೋ ಹುಡುಗನಿಗೆ ಹೇಳಿದ್ದಿಷ್ಟು:
"ತಲೆಕೆಳಗು ಮಾಡಬೇಡ, ಅದಕ್ಕೆ ಅಭ್ಯಾಸವಿಲ್ಲ."

ಮೆತ್ತೆಯಿಲ್ಲ, ತೋಳಿಲ್ಲ, ಏಪ್ರಿಲಿನಲ್ಲಿ ಕಾದ ತವೆ,
ಏನಿದು ಹುಚ್ಚು ಅನ್ನುತ್ತಾರೆ ನನ್ನವರು.
ಹೇಳಲು ಬರುವುದಿಲ್ಲ. ಸಸೂನ್ ಆಸ್ಪತ್ರೆಯಲ್ಲಿ
ಮೂವತ್ತು ವರ್ಷ ಎಕ್ಸ್‌ರೇ ತೆಗೆದವಳು.
ಮರದ ಕುರ್ಚಿಗೆ ಮೈಯಿದೆ, ಮಾಂಸವಿದೆ.
ಇವು ಮೂಳೆ. ನನಗೆ ಓದಲು ಬರುವುದು ಅದೊಂದೇ.

ಈ ಸಲದ್ದು ತೂತಿನ ಕುರ್ಚಿ.
ಬೆನ್ನಿಗೂ ಸೀಟಿಗೂ ಒಂದೇ ತಗಡು ಬಾಗಿದೆ,
ತಗಡಿನ ತುಂಬ ಸಾಲುಸಾಲು ದುಂಡು ತೂತು,
ಒಂದರ ಸಂದಿಗೆ ಇನ್ನೊಂದು ಸರಿದು, ಜೇನುಹುಟ್ಟಿನ ಲೆಕ್ಕ.
ಬಣ್ಣ ಕೆರೆದೆ. ಮೇಲೆ ಪಾಲಿಕೆಯ ಹಸಿರು,
ಕೆಳಗೆ ಯಾರದೋ ಮದುವೆಗೆ ಬಳಿದ ಬೆಳ್ಳಿ,
ಅದರಡಿ ಕೆನೆ, ಕೊನೆಗೆ ರೆಡ್ ಆಕ್ಸೈಡ್.
ಸೀಟಿನ ಕೆಳಗೆ ಉಳಿಯಿಂದ ಕುಟ್ಟಿದ ಅಕ್ಷರ:
ಲೋಖಂಡೆ, ಭೋಸರಿ, ೬೭.

ರಾತ್ರಿಯೆಲ್ಲ ಅದೇ. ಯಾವ ದೇಶದಲ್ಲಿ ಕಲಿತು ಬಂದನೋ,
ಎಷ್ಟು ಕಾಗದ ಹರಿದನೋ
ಈ ತೂತುಗಳ ನಡುವಿನ ಅಂತರ ಕೈಗೆ ಹತ್ತುವ ಮೊದಲು.

ಹುಡುಕಿದೆ, ಸಿಕ್ಕರು. ಧೋಂಡಿಬಾ ಲೋಖಂಡೆ, ಎಂಬತ್ತೇಳು,
ಹೆಸರಲ್ಲೇ ಕಬ್ಬಿಣ, ಒಂದು ಕಣ್ಣು ವೆಲ್ಡಿಂಗಿಗೆ ಕೊಟ್ಟವರು,
ಚಾಳಿನ ಬಾಗಿಲಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ.
ಟೆಂಪೋದಿಂದ ಇಳಿಸಿದ್ದನ್ನು ಬೆರಳಿನಿಂದ ತಡವಿದರು,
ಎಡಗಾಲಿನ ಬೆಸುಗೆ ಬಂದಾಗ ಬೆರಳು ನಿಂತಿತು.
"ಇದು ನಂದಲ್ಲ. ಆಮೇಲೆ ಯಾವ ಕತ್ತೆಯೋ ಮಾಡಿದ್ದು."

ಮತ್ತೆ ಈ ತೂತು, ಈ ವಿನ್ಯಾಸ?
ನಕ್ಕರು, ಕೆಮ್ಮು ಬರುವಷ್ಟು.
"ವಿನ್ಯಾಸ ಎಲ್ಲಿಯದು ತಾಯಿ? ಪಕ್ಕದ ಕಾರ್ಖಾನೆಯಲ್ಲಿ
ವಾಷರ್ ಹೊಡೆಯುತ್ತಿದ್ದರು. ದುಂಡು ಅವರಿಗೆ,
ಉಳಿದ ತಗಡು ಗುಜರಿಗೆ. ನಾನು ತಂದೆ, ಬಗ್ಗಿಸಿದೆ.
ತೂತಿಗೆ ಕಾಸು ಕೊಟ್ಟಿಲ್ಲ."

ಕಬ್ಬಿಣದ ಕಡಲೆ ಅನ್ನುತ್ತೇವಲ್ಲ,
ಕಡಲೆಯನ್ನೆಲ್ಲ ಆರಿಸಿಕೊಂಡು ಹೋದ ಮೇಲೆ
ಉಳಿದ ಜರಡಿಗೆ ನಾನು ಮನಸೋತಿದ್ದೆ.

ಆ ವಾಷರುಗಳು ಎಲ್ಲಿವೆಯೋ ಈಗ.
ಯಾವ ಲಾರಿಯ ಗಾಲಿ, ಯಾವ ನೀರೆತ್ತುವ ಪಂಪು.
ನನ್ನ ಹಳೇ ಯಂತ್ರದ ತೋಳಿನಲ್ಲೂ ಒಂದಿತ್ತೇನೋ,
ಉಸಿರು ಬಿಗಿಹಿಡೀರಿ ಎನ್ನುವಾಗ
ಕಿರ್ರೆನ್ನುತ್ತಿತ್ತಲ್ಲ, ಅಲ್ಲಿ.

ಎಡಗಾಲು ಬಿಚ್ಚಿಸಿ ಹೊಸ ಬೆಸುಗೆ ಹಾಕಿಸು ಎಂದಿದ್ದರು.
ಹಾಕಿಸಿಲ್ಲ. ಕತ್ತೆಯೂ ಇರಲಿ ಅದರಲ್ಲಿ.

ನಾಲ್ಕೂವರೆಗೆ ಬಿಸಿಲು ಓರೆಯಾದಾಗ
ಟೆರೇಸಿನ ನೆಲದ ಮೇಲೆ ವಾಷರುಗಳು ಬಂದು ಬೀಳುತ್ತವೆ,
ಬೆಳಕಿನವು, ತುಸು ಚಪ್ಪಟೆ, ಒಂದೂ ಕಡಿಮೆಯಿಲ್ಲ.
ನನ್ನವರು ಚಹಾ ಹಿಡಿದು ಬಂದವರು
ತುಳಿಯದೆ, ಸುತ್ತು ಹಾಕಿ ದಾಟಿದರು.
ನಾನು ನೋಡಿದೆ. ನೋಡಿದ್ದು ಗೊತ್ತಾಗಿ
ತಂತಿಯದರ ಮೇಲೆ ಕೂತು, ಬೆನ್ನು ನೆಟ್ಟಗೆ ಮಾಡಿ ಕೇಳಿದರು:
ಭೋಸರಿಗೆ ಹೋಗಿಬರಲು ಟೆಂಪೋಗೆ ಎಷ್ಟಾಯಿತು?
ಅರ್ಧ ಮಾತ್ರ ಹೇಳಿದೆ.